ಊರ ಮಕ್ಕಳು ಕೂಡುವ ಕಾನ್ವೆಂಟ್ ಯಾವುದು?

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ‘ನಿಮ್ಮ ಹುಡುಗ ಯಾವ ಸಾಲಿಗೆ ಹೋಗ್ತಾನ್ರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಬರುತ್ತದೆ. ‘ಕನ್ನಡ ಸಾಲಿಗೆ’ ಎನ್ನುವವರು ಕೆಲವರು, ‘ಕಾನ್ವೆಂಟಿಗೆ’ ಎನ್ನುವವರು ಕೆಲವರು. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಸೀಮೆಯಿರಲಿ, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಕಡೆಯ ಊರುಗಳಿರಲಿ, ಈ ಎರಡು ಉತ್ತರಗಳ ನಡುವೆ ಮಕ್ಕಳು ಹಂಚಿಹೋಗುತ್ತಿದ್ದಾರೆ. ಬೆಳಿಗ್ಗೆ ಹಳದಿ ವ್ಯಾನು ಬಂದು ಟೈ ಕಟ್ಟಿದ ಮಕ್ಕಳನ್ನು ಹತ್ತಿಸಿಕೊಂಡು ಪಟ್ಟಣದ ದಾರಿ ಹಿಡಿಯುತ್ತದೆ. ಅದೇ ಓಣಿಯ ಉಳಿದ ಮಕ್ಕಳು ಪಾಟೀಚೀಲ ಹಾಕಿಕೊಂಡು ಊರ ಸಾಲಿಗೆ ನಡೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಮಗ ವ್ಯಾನು ಹತ್ತುತ್ತಾನೆ, ಮಗಳು ನಡೆದು ಹೋಗುತ್ತಾಳೆ.

ಹಳ್ಳಿಗರ ಬಾಯಲ್ಲಿ ಕಾನ್ವೆಂಟ್ ಎಂದರೆ ಫೀ ಕಟ್ಟಿ ಓದಿಸುವ ಇಂಗ್ಲಿಷ್ ಶಾಲೆ. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ಇರಬೇಕೆಂದೇನೂ ಇಲ್ಲ. ಬಸವಣ್ಣನ ಹೆಸರಿನಲ್ಲಿಯೂ ಕಾನ್ವೆಂಟ್ ನಡೆಯುತ್ತದೆ, ಸರಸ್ವತಿಯ ಹೆಸರಿನಲ್ಲಿಯೂ ನಡೆಯುತ್ತದೆ. ಮಾತು ಹೀಗೆ ಊರೂರು ಸುತ್ತಿ ಅರ್ಥ ಬದಲಿಸಿಕೊಳ್ಳುವುದು ಸಹಜ, ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಈ ಮಾತು ಹುಟ್ಟಿದ್ದೆಲ್ಲಿ, ಅದರ ಮೊದಲ ಅರ್ಥ ಏನಿತ್ತು ಎಂದು ನೋಡಿದರೆ ನಮ್ಮ ಊರುಗಳಲ್ಲಿ ಈಗ ಕೈಬಿಟ್ಟುಹೋಗುತ್ತಿರುವುದು ಏನು ಎಂಬುದು ಸ್ಪಷ್ಟವಾಗುತ್ತದೆ.

ಮೂಲ ಲ್ಯಾಟಿನ್ ಪದ ‘ಕಾನ್ವೆಂಟುಸ್’. ‘ಕಾನ್’ ಎಂದರೆ ಜೊತೆಗೆ, ‘ವೆನೀರೆ’ ಎಂದರೆ ಬರುವುದು. ಒಟ್ಟಿಗೆ ಬಂದು ಸೇರುವುದು, ಸಭೆ ಕೂಡುವುದು ಎಂಬುದೇ ಅದರ ಮೊದಲ ಅರ್ಥ. ಭಾಷಾವಿದ್ವಾಂಸರು ಈ ‘ವೆನೀರೆ’ಯನ್ನೂ ಸಂಸ್ಕೃತದ ‘ಗಮ್’ ಧಾತುವನ್ನೂ ಒಂದೇ ಬೇರಿನಿಂದ ಒಡೆದವು ಎನ್ನುತ್ತಾರೆ. ಅಂದ ಮೇಲೆ ಹಾವೇರಿ ಜಿಲ್ಲೆಯವರಿಗೆ ಈ ಪದದ ಹತ್ತಿರದ ಬಂಧು ‘ಸಂಗಮ’. ವರದೆ ಬಂದು ತುಂಗಭದ್ರೆಯನ್ನು ಸೇರುವ ಗಳಗನಾಥದಲ್ಲಿ ಅದನ್ನು ಕಣ್ಣಾರೆ ಕಾಣಬಹುದು.

ರೋಮನ್ನರಿಗೆ ಕಾನ್ವೆಂಟುಸ್ ಎಂಬುದು ನಿತ್ಯದ ಆಡಳಿತದ ಮಾತಾಗಿತ್ತು. ಪ್ರಾಂತ್ಯದ ಅಧಿಪತಿ ವರ್ಷಕ್ಕೊಮ್ಮೆ ಗೊತ್ತಾದ ಊರುಗಳಿಗೆ ಹೋಗಿ ನ್ಯಾಯ ಹೇಳುತ್ತಿದ್ದ. ಸುತ್ತಲಿನ ಜನ ತಮ್ಮ ವ್ಯಾಜ್ಯ, ಅಹವಾಲು ಹೊತ್ತು ಅಲ್ಲಿ ಬಂದು ನೆರೆಯುತ್ತಿದ್ದರು. ಆ ಕೂಟಕ್ಕೆ ಕಾನ್ವೆಂಟುಸ್ ಎಂದು ಹೆಸರು. ಗಾಲ್ ದೇಶದ ಯುದ್ಧದ ಬಿಡುವಿನಲ್ಲಿ ಜೂಲಿಯಸ್ ಸೀಸರ್ ಆಲ್ಪ್ಸ್ ಪರ್ವತದ ಈಚೆಗೆ ಬಂದು ಇಂಥ ಸಭೆ ನಡೆಸುತ್ತಿದ್ದುದನ್ನು ತಾನೇ ಬರೆದಿಟ್ಟಿದ್ದಾನೆ. ಬರಬರುತ್ತ ಸಭೆ ನಡೆಯುವ ಊರಿಗೂ, ಆ ಊರಿಗೆ ನಡೆದುಕೊಳ್ಳುವ ಸೀಮೆಗೂ ಅದೇ ಹೆಸರು ಅಂಟಿತು. ಈಗಿನ ಸ್ಪೇನ್ ಮತ್ತು ಪೋರ್ಚುಗಲ್ ಇರುವ ನೆಲದಲ್ಲಿ ಇಂಥ 14 ಸೀಮೆಗಳ ಲೆಕ್ಕವನ್ನು ರೋಮನ್ ಲೇಖಕ ಪ್ಲಿನಿ ಕೊಡುತ್ತಾನೆ. ನಮ್ಮ ಕಡೆಯ ಪಾನುಂಗಲ್ 500, ಬನವಾಸಿ 12,000 ಎಂಬ ನಾಡುಗಳ ಲೆಕ್ಕವನ್ನು ಶಾಸನಗಳಲ್ಲಿ ಓದಿದವರಿಗೆ ಇದು ತೀರ ಅಪರಿಚಿತ ಎನ್ನಿಸಲಾರದು.

ಕ್ರೈಸ್ತ ಧರ್ಮ ಬೆಳೆದ ಮೇಲೆ ಮಾತಿನ ದಾರಿ ಹೊರಳಿತು. ಒಂದೆಡೆ ಕೂಡಿ ಬಾಳುವ ಸನ್ಯಾಸಿಗಳ ಸಮೂಹ ಕಾನ್ವೆಂಟುಸ್ ಆಯಿತು, ಆಮೇಲೆ ಅವರು ಇರುವ ಮಠಕ್ಕೆ ಆ ಹೆಸರು ಬಂತು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೋದಾಗ ಅದರ ಉಚ್ಚಾರ ‘ಕವೆಂಟ್’ ಎಂದಾಗಿತ್ತು. ಲಂಡನ್ನಿನ ಕವೆಂಟ್ ಗಾರ್ಡನ್ ಒಂದು ಕಾಲಕ್ಕೆ ವೆಸ್ಟ್‌ಮಿನ್‌ಸ್ಟರ್ ಮಠದ ತೋಟ. ಮುಂದೆ ಅಲ್ಲಿಯೇ ಹಣ್ಣು ತರಕಾರಿಯ ದೊಡ್ಡ ಮಾರುಕಟ್ಟೆ ಬೆಳೆದು 1974ರವರೆಗೂ ನಡೆಯಿತು. ಮಠಕ್ಕೆ ಹುಟ್ಟಿದ ಹೆಸರು ಸನ್ಯಾಸಿನಿಯರ ಮನೆಗೆ ಮಾತ್ರ ಮೀಸಲಾದದ್ದು ಇಂಗ್ಲಿಷಿನಲ್ಲಿ ಬಹಳ ತಡವಾಗಿ.

ಇದೇ ಬೇರಿನ ಇನ್ನೊಂದು ಕವಲು ರಾಜಕೀಯದ ಕಡೆ ಚಾಚಿತು. 1792ರ ಸೆಪ್ಟೆಂಬರಿನಲ್ಲಿ ಅರಸೊತ್ತಿಗೆಯನ್ನೇ ರದ್ದುಮಾಡಿದ ಫ್ರಾನ್ಸಿನ ಜನಪ್ರತಿನಿಧಿಗಳ ಸಭೆಯ ಹೆಸರು ‘ಕನ್ವೆನ್ಶನ್’. ಹುಬ್ಬಳ್ಳಿಯಲ್ಲಿ ಇಂದು ಮದುವೆ ನಡೆಯುವ ಕನ್ವೆನ್ಶನ್ ಹಾಲು, ಸಂಘಟನೆಗಳ ಕರಪತ್ರದ ಕೆಳಗೆ ಸಹಿ ಹಾಕುವ ಕನ್ವೀನರು, ಊರ ಕಾನ್ವೆಂಟು, ಇವೆಲ್ಲ ಒಂದೇ ಮನೆತನದವು. ಎಲ್ಲದರ ಒಳಗೂ ಇರುವ ತಿರುಳು ಜನ ಬಂದು ಕೂಡುವುದು.

ಕಾನ್ವೆಂಟ್ ಶಾಲೆಗಳು ದಕ್ಷಿಣ ಭಾರತಕ್ಕೆ ಬಂದದ್ದು 19ನೇ ಶತಮಾನದಲ್ಲಿ. 1842ರಲ್ಲಿ ಐರ್ಲೆಂಡಿನಿಂದ ಪ್ರೆಸೆಂಟೇಶನ್ ಸನ್ಯಾಸಿನಿಯರು ಮದ್ರಾಸಿಗೆ ಬಂದರು. 1854ರಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು ಬೆಂಗಳೂರಿಗೆ, 1870ರಲ್ಲಿ ಕಾರ್ಮೆಲ್ ಸನ್ಯಾಸಿನಿಯರು ಮಂಗಳೂರಿಗೆ ಬಂದರು. ಮಂಗಳೂರಿನಲ್ಲಿ ಅವರು ಆರಂಭಿಸಿದ ಹೆಣ್ಣುಮಕ್ಕಳ ವಿದ್ಯಾಭ್ಯಾಸ 1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜಿನವರೆಗೆ ಬೆಳೆಯಿತು. ಹೆಣ್ಣುಮಕ್ಕಳನ್ನು ಹೊಸ್ತಿಲು ದಾಟಿಸಲು ಮೇಲುವರ್ಗದ ಮನೆಗಳೇ ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಮಾಡಿದ ಕೆಲಸವನ್ನು ಯಾವ ಕನ್ನಡಿಗನೂ ಮರೆಯುವಂತಿಲ್ಲ. ಆ ಶಾಲೆಗಳ ಶಿಸ್ತು ಮತ್ತು ಇಂಗ್ಲಿಷಿಗೆ ಬಂದ ಹೆಸರೇ ಮುಂದೆ ಪೇಟೆಯ ಸರಕಾಯಿತು. ಸನ್ಯಾಸಿನಿಯರಿಗೂ ಸೇವೆಗೂ ಸಂಬಂಧವಿಲ್ಲದ ಶಾಲೆಗಳು ಆ ಹೆಸರನ್ನು ಬೋರ್ಡಿಗೆ ಏರಿಸಿಕೊಂಡವು.

ಆದರೆ ಆ ಮಾತಿನ ಮೊದಲ ಅರ್ಥದಂತೆ ಎಲ್ಲ ಮಕ್ಕಳೂ ಬಂದು ಕೂಡುವ ಶಾಲೆ ಯಾವುದು ಎಂಬ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಒಂದು ದೊಡ್ಡ ಇತಿಹಾಸವಿದೆ. ಅದನ್ನು ಪಠ್ಯಪುಸ್ತಕಗಳು ಹೇಳಬೇಕಾದಷ್ಟು ಗಟ್ಟಿಯಾಗಿ ಹೇಳಿಲ್ಲ.

1856ರ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆಯಲ್ಲಿ ಪ್ರವೇಶ ಕೇಳಿ ಮಹಾರ್ ಜಾತಿಯ ಒಬ್ಬ ಬಾಲಕ ಅರ್ಜಿ ಹಾಕಿದ. ಅಸ್ಪೃಶ್ಯ ಎಂಬ ಕಾರಣಕ್ಕೆ ಅವನಿಗೆ ಪ್ರವೇಶ ಸಿಗಲಿಲ್ಲ. ಹುಡುಗ ಸುಮ್ಮನಾಗಲಿಲ್ಲ, ಮುಂಬಯಿ ಸರ್ಕಾರದವರೆಗೆ ಹೋದ. ಒಬ್ಬನ ಸಲುವಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂಬ ಅಂಜಿಕೆಯಲ್ಲಿ ಸರ್ಕಾರ ಅವನ ಪರ ನಿಲ್ಲಲಿಲ್ಲ. ಸಂಗತಿ ಕಲ್ಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೂ ಹೋಯಿತು. ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಬರೆದು ಕಳಿಸಿದರು. 1882ರ ಹಂಟರ್ ಆಯೋಗ ಆ ತತ್ವವನ್ನು ಮತ್ತೆ ಎತ್ತಿಹಿಡಿಯಿತು. ಡಾ. ಅಂಬೇಡ್ಕರ್ ಅವರು ಈ ಪ್ರಕರಣವನ್ನು ತಮ್ಮ ಬರಹದಲ್ಲಿ ಪ್ರಸ್ತಾಪಿಸಿದ್ದಾರೆ.

ಸವಣೂರು ಆಗ ನವಾಬರ ಸಂಸ್ಥಾನ. ಹತ್ತಿಮತ್ತೂರು ಧಾರವಾಡ ಜಿಲ್ಲೆಯ ಕರಜಗಿ ತಾಲ್ಲೂಕಿನ ಊರು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೂ ಈ ಭಾಗದ ಜಿಲ್ಲಾ ಕೇಂದ್ರ ಧಾರವಾಡವೇ. ಹೀಗಾಗಿ ಆ ಬಾಲಕನ ಅರ್ಜಿ ನಮ್ಮ ಮನೆಯಂಗಳದ ಚರಿತ್ರೆ. ಇಂದು ಯಾವ ಹಳ್ಳಿಯ ಸರ್ಕಾರಿ ಶಾಲೆಯ ಹೆಡ್ಮಾಸ್ತರರೂ ಮಗುವಿನ ಜಾತಿ ನೋಡಿ ಬಾಗಿಲು ಮುಚ್ಚುವಂತಿಲ್ಲ. ಆ ಬಾಗಿಲು ತೆಗೆಯಲು ಮೊದಲು ಕೈಹಚ್ಚಿದವರಲ್ಲಿ ಧಾರವಾಡದ ಆ ಹುಡುಗ ಒಬ್ಬ.

ಕನ್ನಡ ಸಾಲಿಯ ಹುಟ್ಟಿನಲ್ಲಿಯೂ ಹೋರಾಟವೇ ಇದೆ. ಮುಂಬಯಿ ಇಲಾಖೆಯಲ್ಲಿ ಮರಾಠಿಯ ಪ್ರಾಬಲ್ಯವಿದ್ದಾಗ ಧಾರವಾಡದಲ್ಲಿ ಕನ್ನಡ ಶಾಲೆ ತೆರೆಸಿದವನು ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್. ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಲು ಹಳ್ಳಿಹಳ್ಳಿ ತಿರುಗಿದವರು ವಿದ್ಯಾ ಇಲಾಖೆಯ ಡೆಪ್ಯುಟಿ ಚೆನ್ನಬಸಪ್ಪನವರು. ಆ ಪರಂಪರೆಯ ಮಾಸ್ತರರು ಯಾರು ಯಾರು ಎಂದು ನೋಡಿದರೆ ಈ ನೆಲದ ಹೆಮ್ಮೆ ತಿಳಿಯುತ್ತದೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು ಗುರು ಗೋವಿಂದ ಭಟ್ಟರ ಶಿಷ್ಯರಾಗಿ ಹಾಡು ಕಟ್ಟಿದವರು, ಕನ್ನಡ ಸಾಲಿಯ ಮಾಸ್ತರಿಕೆಯನ್ನೂ ಮಾಡಿದವರು. ಹಾವನೂರಿನಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಮಾಸ್ತರಾಗಿ ದುಡಿಯುತ್ತಲೇ ‘ಗಳಗನಾಥ’ ಎಂಬ ಹೆಸರಿನಿಂದ ಕಾದಂಬರಿ ಬರೆದು ಉತ್ತರ ಕರ್ನಾಟಕಕ್ಕೆ ಕನ್ನಡ ಓದುವ ರುಚಿ ಹಚ್ಚಿದರು. ಹೊಳೆಗಳು ಕೂಡುವ ಆ ಊರನ್ನೇ ಅವರು ಕಾವ್ಯನಾಮಕ್ಕೆ ಆಯ್ದುಕೊಂಡರು.

ಸವಣೂರಿನ ಮಾತು ಬಂದಾಗ ವಿನಾಯಕ ಕೃಷ್ಣ ಗೋಕಾಕರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ಅವರು ಓದಿದ್ದು ಅಲ್ಲಿನ ಮಜೀದ್ ಹೈಸ್ಕೂಲಿನಲ್ಲಿ. ನವಾಬರ ಮನೆತನದ ಹೆಸರು ಹೊತ್ತ ಆ ಶಾಲೆಯಿಂದ ಹೊರಟ ಹುಡುಗ ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿದ, ಇಂಗ್ಲಿಷ್ ಪ್ರಾಧ್ಯಾಪಕನಾದ, ಕನ್ನಡಕ್ಕೆ ಜ್ಞಾನಪೀಠ ತಂದ. ಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟವರೂ ಅವರೇ. ಮರುವರ್ಷ ರಾಜ್‌ಕುಮಾರ್ ಬೀದಿಗಿಳಿದದ್ದು ಆ ವರದಿಯ ಜಾರಿಗಾಗಿ. ಇಂಗ್ಲಿಷಿನ ಒಳಹೊರಗನ್ನು ಅವರಷ್ಟು ಬಲ್ಲವರು ಆಗ ಕರ್ನಾಟಕದಲ್ಲಿ ಕೆಲವರೇ ಇದ್ದರು. ಅಂಥವರು ಕನ್ನಡದ ಪರ ನಿಂತದ್ದಕ್ಕೆ ತೂಕವಿತ್ತು.

ಗೋಕಾಕ್ ಚಳವಳಿಯಿಂದ ಈಚೆಗೆ ಶಾಲೆಯ ಚರ್ಚೆಯೆಲ್ಲ ಮಾಧ್ಯಮದ ಸುತ್ತಲೇ ಸುತ್ತಿತು. 1994ರಲ್ಲಿ ಸರ್ಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮ ಎಂದು ಆದೇಶ ಹೊರಡಿಸಿತು. ಖಾಸಗಿ ಶಾಲೆಗಳು ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದ್ದು, ಸರ್ಕಾರ ಹೇರುವಂತಿಲ್ಲ ಎಂದು ವಿವಾದವನ್ನು ಮುಗಿಸಿತು. ಈ ನಡುವೆ 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವುದು ಶುರುವಾಗಿತ್ತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆಯಲಾಯಿತು.

ಮಾಧ್ಯಮದ ಪ್ರಶ್ನೆ ದೊಡ್ಡದು, ಅದನ್ನು ಸಣ್ಣದು ಮಾಡುವ ಉದ್ದೇಶ ಇಲ್ಲಿಲ್ಲ. ಮಗು ಮನೆಯ ಮಾತಿನಲ್ಲಿ ಮೊದಲು ಕಲಿತರೆ ಚೆನ್ನಾಗಿ ಕಲಿಯುತ್ತದೆ ಎಂಬುದನ್ನು ಅನುಭವಿ ಮಾಸ್ತರರು ಬಲ್ಲರು. ಆದರೆ ಮಾಧ್ಯಮದ ಜಗಳದ ಸದ್ದಿನಲ್ಲಿ ಇನ್ನೊಂದು ನಷ್ಟ ಯಾರಿಗೂ ಕೇಳಿಸಲಿಲ್ಲ. ಊರಿನ ಗೌಡರ ಮಗ, ಕೂಲಿಯವನ ಮಗಳು, ಕಿರಾಣಿ ಅಂಗಡಿಯವರ ಮಗು, ಪೂಜಾರಿಯ ಮಗು, ಹೊಲಿಗೆಯ ಸಾಬರ ಮಗು ಒಂದೇ ಕೋಣೆಯಲ್ಲಿ ಕೂಡುವುದು ನಿಂತುಹೋಗುತ್ತಿದೆ. ಆ ಕೋಣೆಯಲ್ಲಿ ಗೌಡರ ಮಗನಿಗೆ ಲೆಕ್ಕ ಬಾರದಿದ್ದರೆ ಕೂಲಿಯವನ ಮಗಳು ಹೇಳಿಕೊಡುತ್ತಿದ್ದಳು. ಬಡವರ ಮಗು ಸಿರಿವಂತರ ಮಗುವಿಗಿಂತ ಜಾಣ ಇರಬಹುದು ಎಂಬುದು ಊರಿಗೆ ಮೊದಲು ಗೊತ್ತಾಗುತ್ತಿದ್ದುದೇ ಅಲ್ಲಿ.

ಅನುಕೂಲಸ್ಥರು ಮಕ್ಕಳನ್ನು ಬಿಡಿಸಿಕೊಂಡು ಹೋಗುವಾಗ ತಮ್ಮ ದನಿಯನ್ನೂ ತೆಗೆದುಕೊಂಡು ಹೋಗುತ್ತಾರೆ. ಊರ ಶಾಲೆಯ ಚಾವಣಿ ಸೋರಿದರೆ ತಾಲ್ಲೂಕು ಪಂಚಾಯಿತಿಗೆ ಹೋಗಿ ಕೇಳುವ ಶಕ್ತಿ ಇದ್ದವರು ಅವರು. ಬಿಇಒ ಸಾಹೇಬರಿಗೆ ಫೋನ್ ಮಾಡಿ ‘ಗಣಿತದ ಮಾಸ್ತರು ಯಾವಾಗ ಬರ್ತಾರ್ರಿ?’ ಎಂದು ಕೇಳಬಲ್ಲವರೂ ಅವರೇ. ಅವರ ಮಗು ಅಲ್ಲಿ ಇಲ್ಲದಿದ್ದರೆ ಆ ಫೋನ್ ಹೋಗುವುದಿಲ್ಲ. ಉಳಿಯುವ ತಾಯಿತಂದೆಯರು ದಿನಗೂಲಿ ಬಿಟ್ಟು ಕಚೇರಿ ಅಲೆಯಲಾರದವರು. ಮಾಸ್ತರರ ಹುದ್ದೆ ಖಾಲಿ ಉಳಿಯುತ್ತದೆ, ಒಬ್ಬರೇ ಅಕ್ಕೋರು ಎರಡು ಮೂರು ತರಗತಿ ನೋಡಿಕೊಳ್ಳುತ್ತಾರೆ, ಹಾಜರಿ ಇಳಿಯುತ್ತದೆ. ಹಾಜರಿ ಇಳಿದ ಶಾಲೆಯನ್ನು ಪಕ್ಕದ ಶಾಲೆಗೆ ಸೇರಿಸುವ ಮಾತು ಬರುತ್ತದೆ. ಆಗ ಊರಿನವರೇ ‘ಕನ್ನಡ ಸಾಲ್ಯಾಗ ಏನ್ ಐತ್ರಿ?’ ಎಂದು ಕೇಳುತ್ತಾರೆ.

ಹಾಗೆಂದು ಕಾನ್ವೆಂಟಿಗೆ ಕಳಿಸುವ ಪಾಲಕರನ್ನು ಬೈಯುವುದು ಅನ್ಯಾಯ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಮಾರಿ ಬಂದ ದುಡ್ಡಿನಲ್ಲಿ ಫೀ ಕಟ್ಟುವ ರೈತನಿಗೆ ತನ್ನ ಮಗ ತನ್ನಂತೆ ಮಳೆ ನಂಬಿ ಬದುಕಬಾರದು ಎಂಬ ಆಸೆ. ದಲಿತ ಕುಟುಂಬಗಳಿಗೆ ಇಂಗ್ಲಿಷ್ ಎಂದರೆ ಊರಿನ ಜಾತಿಯ ಕಟ್ಟು ದಾಟುವ ದಾರಿ. ಆ ಆಸೆಗೆ ಬೆಲೆ ಕೊಡಲೇಬೇಕು. ಆ ಆಸೆಯನ್ನು ಪೂರೈಸುವ ಹೊಣೆಯನ್ನು ಸರ್ಕಾರ ತಡವಾಗಿ, ಅರೆಮನಸ್ಸಿನಿಂದ ಹೊತ್ತುಕೊಂಡಿತು ಎಂಬುದೇ ನಿಜವಾದ ಆಕ್ಷೇಪ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಇದ್ದ ಶೇ 25ರ ಸೀಟುಗಳೂ, ಹತ್ತಿರದಲ್ಲಿ ಸರ್ಕಾರಿ ಇಲ್ಲವೆ ಅನುದಾನಿತ ಶಾಲೆ ಇದ್ದರೆ ಬೇಡ ಎಂದು 2019ರ ಆರಂಭದಲ್ಲಿ ರಾಜ್ಯ ನಿಯಮ ತಿದ್ದಿದ ಮೇಲೆ, ಬಹುಮಟ್ಟಿಗೆ ಇಲ್ಲವಾದವು. ಸರ್ಕಾರಿ ಶಾಲೆಯನ್ನು ಉಳಿಸಲು ಅದು ಬೇಕಿತ್ತು ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಬಡವರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಉಳಿಯಲಿ ಎಂದ ಸರ್ಕಾರ, ಸಿರಿವಂತರ ಮಕ್ಕಳೂ ಅಲ್ಲಿಗೆ ಬರಲಿ ಎಂದು ಏನು ಮಾಡಿತು?

ಈ ಪ್ರಶ್ನೆ ಹೊಸದಲ್ಲ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಒಂದು ನೆರೆಹೊರೆಯ ಮಕ್ಕಳೆಲ್ಲ ಜಾತಿ, ವರ್ಗದ ಭೇದವಿಲ್ಲದೆ ಒಂದೇ ಶಾಲೆಗೆ ಹೋಗುವ ‘ಸಮಾನ ಶಾಲೆ’ ವ್ಯವಸ್ಥೆಯನ್ನು ಶಿಫಾರಸು ಮಾಡಿತ್ತು. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು, ಸರ್ಕಾರದ ಸಂಬಳ ಪಡೆಯುವವರು ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕೆಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತು. ಅಧಿಕಾರಿಯ ಮಗು ಓದುವ ಶಾಲೆಗೆ ಕಟ್ಟಡವೂ ಬರುತ್ತದೆ, ಮಾಸ್ತರರೂ ಬರುತ್ತಾರೆ ಎಂಬುದು ಅದರ ಹಿಂದಿನ ತರ್ಕ. ಕಾನೂನಿನಿಂದ ಅದನ್ನು ಮಾಡಿಸುವುದು ಕಷ್ಟ, ಅಲ್ಲಿಯೂ ಅದು ನಡೆಯಲಿಲ್ಲ. ಆದರೂ ತರ್ಕ ಸರಿಯಾಗಿದೆ, ಹಳ್ಳಿಯ ಮಟ್ಟಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂದು ಹೇಳುವ ಆಸೆಗೂ ಬೀಳಬಾರದು. ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ, ಅಂದರೆ 8ನೇ ಶತಮಾನದ ಶಾಸನವೊಂದು ಹತ್ತಿಮತ್ತೂರಿನಲ್ಲಿ ಸಿಕ್ಕಿದೆ. ಜೆ.ಎಫ್. ಫ್ಲೀಟ್ ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದ್ದಾರೆ. ಅಷ್ಟು ಹಳೆಯ ನೆಲ ಇದು. ಪಕ್ಕದ ಬಂಕಾಪುರದಲ್ಲಿ ಅಜಿತಸೇನಾಚಾರ್ಯರಂಥ ಜೈನ ಗುರುಗಳಿದ್ದರು, ಹಾವೇರಿಯಂಥ ಅಗ್ರಹಾರಗಳಲ್ಲಿ ಮಹಾಜನರು ಸಭೆ ಸೇರಿ ಊರ ವ್ಯವಹಾರ ನೋಡುತ್ತಿದ್ದರು. ಆ ಸಭೆಗಳು ದೊಡ್ಡವು, ಆದರೆ ಅವು ಎಲ್ಲರ ಸಭೆಗಳಾಗಿರಲಿಲ್ಲ. ಹೆಂಗಸರಿಗೆ, ದುಡಿಯುವ ಜಾತಿಗಳಿಗೆ ಅಲ್ಲಿ ಜಾಗವಿರಲಿಲ್ಲ. ಎಲ್ಲರ ಮಕ್ಕಳೂ ಹಕ್ಕಿನಿಂದ ಬಂದು ಕೂಡುವ ಜಾಗ ಈ ನೆಲದ ಚರಿತ್ರೆಯಲ್ಲಿ ಮೊದಲ ಸಲ ಸಿಕ್ಕಿದ್ದು ಸರ್ಕಾರಿ ಶಾಲೆಯಲ್ಲಿ. ಅದಕ್ಕಿನ್ನೂ ಎರಡು ನೂರು ವರ್ಷವೂ ತುಂಬಿಲ್ಲ.

ಅಲ್ಲಿನ ಮಧ್ಯಾಹ್ನದ ಬಿಸಿಯೂಟವನ್ನು ಕುಳಿತು ನೋಡಬೇಕು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಅಕ್ಷರ ದಾಸೋಹ ಹಸಿವಿನ ಯೋಜನೆ ಎಂದೇ ಹೆಸರಾಯಿತು. ಆದರೆ ಮದುವೆ, ಜಾತ್ರೆಗಳಲ್ಲೂ ಪಂಕ್ತಿ ಬೇರೆ ಮಾಡುತ್ತಿದ್ದ ಊರುಗಳಲ್ಲಿ ಮಕ್ಕಳು ದಿನವೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಅಡುಗೆ ಉಣ್ಣುವಂತೆ ಅದು ಮಾಡಿತು. ಅಡುಗೆಯವರ ಜಾತಿ ಕೇಳಿ ತಕರಾರು ತೆಗೆದ ಊರುಗಳೂ ಕರ್ನಾಟಕದಲ್ಲಿ ಇವೆ. ಕೂಡಿ ಉಣ್ಣುವುದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಆ ತಕರಾರೇ ಸಾಕ್ಷಿ. ವ್ಯಾನು ಹತ್ತಿ ಹೋದ ಮಗು ಟಿಫಿನ್ ಡಬ್ಬಿಯಲ್ಲಿ ಮನೆಯ ಊಟ ಉಣ್ಣುತ್ತದೆ. ಅದಕ್ಕೆ ಈ ಪಂಕ್ತಿ ಸಿಗುವುದಿಲ್ಲ.

ಇನ್ನು ಮಾಡಬೇಕಾದ್ದು. ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. 2001ರ ಸರ್ಕಾರಿ ಆದೇಶದಿಂದ ಬಂದ ಈ ಸಮಿತಿಗೆ ಶಿಕ್ಷಣ ಹಕ್ಕು ಕಾಯ್ದೆಯೂ ಬಲ ಕೊಟ್ಟಿದೆ. ಆ ಕಾಯ್ದೆಯಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಎಷ್ಟೋ ಊರುಗಳಲ್ಲಿ ಅದರ ಸಭೆ ರಿಜಿಸ್ಟರಿನ ಸಹಿಯಲ್ಲಿ ಮುಗಿಯುತ್ತದೆ. ಅದು ನಿಜವಾಗಿ ಕೂಡಬೇಕು, ತಾಯಂದಿರು ಮಾತಾಡಬೇಕು. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಯ ಶೌಚಾಲಯ, ನೀರು, ಖಾಲಿ ಹುದ್ದೆ ಎಲ್ಲವನ್ನೂ ಮಕ್ಕಳೇ ಕೇಳಲಿ. ಕೇಳಿದ್ದಕ್ಕೆ ಏನಾಯಿತು ಎಂದು ಮುಂದಿನ ಸಭೆಯಲ್ಲಿ ಪಿಡಿಒ ಓದಿ ಹೇಳಲಿ.

ಸರ್ಕಾರದ ಪಾಲಿನ ಕೆಲಸ ಇನ್ನೂ ದೊಡ್ಡದು. ತರಗತಿಗೊಬ್ಬರು ಮಾಸ್ತರು ಬೇಕು. ಇಂಗ್ಲಿಷನ್ನು ಚೆನ್ನಾಗಿ ಕಲಿಸಲು ತರಬೇತಾದವರು ಬೇಕು. ಅಂಗನವಾಡಿಯಿಂದ ಒಂದನೇ ತರಗತಿಗೆ ಮಗು ನೇರವಾಗಿ ದಾಟುವಂತೆ ಎಲ್‌ಕೆಜಿ, ಯುಕೆಜಿ ಊರ ಶಾಲೆಯಲ್ಲೇ ಇರಬೇಕು. ನಾಲ್ಕು ವರ್ಷದ ಮಗುವನ್ನು ಕಾನ್ವೆಂಟಿಗೆ ಸೇರಿಸಿದ ಪಾಲಕರು ಆರನೇ ವರ್ಷಕ್ಕೆ ಅದನ್ನು ಬಿಡಿಸಿ ಕನ್ನಡ ಸಾಲಿಗೆ ತರುವುದು ಅಪರೂಪ. ಊರ ಶಾಲೆ ಮಕ್ಕಳನ್ನು ಕಳೆದುಕೊಳ್ಳುವುದು ಈ ಎರಡು ವರ್ಷದಲ್ಲಿಯೇ.

ಆದರೆ ಮೊದಲ ಹೆಜ್ಜೆ ಇಡಬೇಕಾದವರು ಊರಿನಲ್ಲೇ ಇದ್ದಾರೆ. ಗ್ರಾಮ ಪಂಚಾಯಿತಿಯ ಸದಸ್ಯರು, ಸೊಸೈಟಿಯ ನಿರ್ದೇಶಕರು, ಸರ್ಕಾರಿ ನೌಕರರು, ಸರ್ಕಾರಿ ಶಾಲೆಯ ಮಾಸ್ತರರು ಮತ್ತು ಅಕ್ಕೋರು, ಇವರೆಲ್ಲ ಬರುವ ಜೂನಿನಲ್ಲಿ ತಮ್ಮ ಮಕ್ಕಳ, ಮೊಮ್ಮಕ್ಕಳ ಹೆಸರನ್ನು ಊರ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆಸಲಿ. ಹತ್ತು ಮನೆಯವರು ಒಟ್ಟಿಗೆ ಮಾತಾಡಿಕೊಂಡು ಬಂದರೆ ಯಾವ ಮಗುವೂ ಒಂಟಿಯಾಗುವುದಿಲ್ಲ, ಹತ್ತು ಮನೆಯ ದನಿಗೆ ಬಿಇಒ ಕಚೇರಿಯೂ ಉತ್ತರ ಕೊಡಬೇಕಾಗುತ್ತದೆ. ಹತ್ತಿಮತ್ತೂರಿನವರೂ ಸವಣೂರು ಸೀಮೆಯ ಉಳಿದ ಊರಿನವರೂ ಈ ವಿಷಯವನ್ನು ಮುಂದಿನ ಗ್ರಾಮಸಭೆಯಲ್ಲಿಯೇ ಎತ್ತಿಕೊಳ್ಳಬೇಕು.